ಹಗ್ಗ ಹಿಡಿದವನ ಓಕೆ

ಹರಿಯುವ ನೀರಿನಲ್ಲಿ ನಡೆಯುವವನೂ ನಿಂತ ನೀರಿನಲ್ಲಿ ಕಾಯುವವನೂ ಒಬ್ಬನೇ ಆದ ಶಿವನಿಗೆ ಮೊದಲು ಶರಣು. ಅವನ ದಾರಿ ತೋರುವ ಗುರುವಿಗೆ ಶರಣು. ಕೇಳಲು ಕುಳಿತ ನಿಮ್ಮೊಳಗೂ ಅವನೇ ಇದ್ದಾನೆ. ನಿಮಗೂ ಶರಣು.

ಕಲ್ಲುಗುಡ್ಡದ ಬುಡದಲ್ಲಿ ಒಂದು ಚಿಕ್ಕ ಮಠ. ಮಠದ ಮುಂದೆ ಒಂದು ಬಾವಿ. ಊರಿಗೂ ಮಠಕ್ಕೂ ಸಿಹಿನೀರು ಅದೊಂದೇ.

ಮಠದ ಗುರುಗಳ ಹೆಸರು ನಿರ್ವಾಣಯ್ಯ. ಆ ಹೆಸರನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗುರುವಿನ ಹೆಸರನ್ನು ಶಿಷ್ಯ ಕರೆಯುವುದಿಲ್ಲ, ಗಂಡನ ಹೆಸರನ್ನು ಹೆಂಡತಿ ಕರೆಯುವುದಿಲ್ಲ. ಎಲ್ಲರಿಗೂ ಅವರು ‘ಬುದ್ಧಿ’. ಕಥೆ ಹೇಳಬೇಕಲ್ಲ ಎಂದು ನಾನು ಹೆಸರು ಹೇಳಿದೆ. ಅವರು ಮನ್ನಿಸಲಿ.

ಅವರ ಹತ್ತಿರ ಲೋಹಿತ ಎಂಬ ಶಿಷ್ಯ ಬಂದು ಸೇರಿದ. ಪೇಟೆಯಲ್ಲಿ ಓದಿ, ಕೆಲವು ಕಾಲ ಕೆಲಸವನ್ನೂ ಮಾಡಿ, ಸಾಕೆನಿಸಿ ಬಂದವನು. ಊರವರು ಅವನನ್ನು ‘ಚಿಕ್ಬುದ್ಧಿ’ ಎಂದು ಕರೆದರು. ಮಠಕ್ಕೆ ಬಂದ ಮೇಲೆ ಪ್ಯಾಂಟು ಬಿಟ್ಟ, ಮೊಬೈಲು ಬಿಟ್ಟ, ಬಹಳ ಕಷ್ಟಪಟ್ಟು ಕಾಫಿಯನ್ನೂ ಬಿಟ್ಟ. ಒಂದು ಮಾತು ಮಾತ್ರ ಅವನನ್ನು ಬಿಡಲಿಲ್ಲ.

“ಏಳಪ್ಪಾ, ಬೆಳಕಾಯಿತು” ಎಂದರೆ “ಓಕೆ” ಎಂದು ಮಗ್ಗುಲು ಬದಲಾಯಿಸುವನು.

“ಸಾರು ಹೇಗಿದೆ?” ಎಂದು ಅಡುಗೆಯ ಮಾದಮ್ಮ ಕೇಳಿದರೆ “ಓಕೆ” ಎನ್ನುವನು. ಮಾದಮ್ಮ ಆ ದಿನವೆಲ್ಲ ಮುಖ ಊದಿಸಿಕೊಂಡಿರುವಳು.

ಗುರುಗಳು ಒಂದು ವಚನ ಬಿಡಿಸಿ ಹೇಳುವಾಗಲೂ ನಡುನಡುವೆ “ಓಕೆ, ಓಕೆ” ಬರುತ್ತಿತ್ತು, ಬಸ್ಸಿನ ಕಂಡಕ್ಟರು ರೈಟ್ ಹೇಳಿದ ಹಾಗೆ.

ಒಂದು ದಿನ ಗುರುಗಳು ಕೇಳಿದರು: “ಅದು ಯಾವ ಊರಿನ ಮಾತಪ್ಪಾ?”

“ಇಂಗ್ಲಿಷು, ಬುದ್ಧಿ. ಈಗ ಎಲ್ಲ ಊರಲ್ಲೂ ಇದೆ.”

“ಅರ್ಥ?”

“ಸರಿ ಅಂತ. ಆಯಿತು ಅಂತ. ಗೊತ್ತಾಯಿತು ಅಂತ. ಚೆನ್ನಾಗಿದೀನಿ ಅಂತ. ಮಾತು ಸಾಕು ಅಂದರೂ ಅದೇ. ಎಲ್ಲದಕ್ಕೂ ಆಗುತ್ತೆ, ಬುದ್ಧಿ. ಅದೇ ಅದರ ಅನುಕೂಲ.”

“ಎಲ್ಲ ಬೀಗಕ್ಕೂ ಆಗುವ ಕೀಲಿ ಎಲ್ಲಾದರೂ ನೋಡಿದ್ದೀಯಾ?”

“ಇಲ್ಲ, ಬುದ್ಧಿ.”

“ನಾನೂ ನೋಡಿಲ್ಲ. ಕಳ್ಳರ ಹತ್ತಿರ ಇರುತ್ತಂತೆ.”

ಲೋಹಿತನಿಗೆ ನಗು ಬಂತು. “ಓಕೆ, ಬುದ್ಧಿ” ಎಂದ.

ಗುರುಗಳೂ ನಕ್ಕರು. ಆ ಮಾತು ಅಲ್ಲಿಗೆ ನಿಂತಿತು.

ಶಿವರಾತ್ರಿ ಹತ್ತಿರ ಬಂತು. ಪ್ರತಿ ವರ್ಷ ಶಿವರಾತ್ರಿಗೆ ಮುಂಚೆ ಆ ಬಾವಿಯ ಹೂಳು ತೆಗೆಯುತ್ತಾರೆ. ಆಗ ನೀರು ತಳ ಕಾಣುತ್ತದೆ. ತಳದ ಸೆಲೆಗೆ ಕಟ್ಟಿಕೊಂಡ ಕೆಸರು ಬಿಡಿಸಿದರೆ ಹೊಸ ನೀರು ಬರುತ್ತದೆ. ಆ ನೀರಿನಿಂದಲೇ ಹಬ್ಬದ ಅಭಿಷೇಕ, ಆ ನೀರಿನಿಂದಲೇ ಬೇಸಿಗೆ.

ಬಾವಿಗೆ ಇಳಿಯಲು ಗೋಡೆಯಿಂದ ಹೊರಚಾಚಿದ ಕಲ್ಲುಗಳಿವೆ. ಪಾಚಿ ಹಿಡಿದು ಜಾರುತ್ತವೆ. ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆ. ಮೇಲೆ ಒಬ್ಬ, ಹಗ್ಗವನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ ಎರಡು ಕೈಯಲ್ಲೂ ಹಿಡಿದು, ಬೇಕಾದಷ್ಟೇ ಬಿಡುತ್ತಾ ಬರುತ್ತಾನೆ.

ಅಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇದೆ. ಕೆಳಗಿನವನು ಮುಂದಿನ ಕಲ್ಲಿಗೆ ಕಾಲಿಡುವ ಮೊದಲು “ಹಗ್ಗ?” ಎಂದು ಕೂಗುತ್ತಾನೆ. ಮೇಲಿನವನು ಅವನ ಹೆಸರು ಹಿಡಿದು ಕರೆದು “ಹಿಡಿದಿದ್ದೀನಿ” ಅನ್ನಬೇಕು. ಹೆಸರು ಕೇಳಿಸದೆ ಕೆಳಗಿನವನು ಇನ್ನೊಂದು ಕಾಲು ಇಡುವುದಿಲ್ಲ.

ಆ ವರ್ಷ ಎಂದಿನಂತೆ ಸಿದ್ಧಶೆಟ್ಟಿ ಇಳಿದ. ಬಾವಿ ಕೆಲಸ ಅವನ ಮನೆತನದ್ದು. ಹಗ್ಗ ಲೋಹಿತನ ಕೈಗೆ ಬಂತು. ಅವನೇ ಕೇಳಿ ಪಡೆದದ್ದು.

“ಹಗ್ಗ?”

“ಸಿದ್ಧಶೆಟ್ಟಿ, ಹಿಡಿದಿದ್ದೀನಿ.”

“ಹಗ್ಗ?”

“ಸಿದ್ಧಶೆಟ್ಟಿ, ಹಿಡಿದಿದ್ದೀನಿ.”

ಹೋಗುವಾಗ ಬರುವಾಗ, ಬುಟ್ಟಿ ಬುಟ್ಟಿಗೂ ಇದೇ. ಹೊತ್ತೇರಿತು. ಲೋಹಿತನ ಬಾಯಿ ಒಣಗಿತು. ಹೆಸರು ಬಿಟ್ಟು “ಹಿಡಿದಿದ್ದೀನಿ” ಎಂದ. ಆಮೇಲೆ ಅದೂ ಹೋಗಿ “ಓಕೆ” ಬಂತು.

ಕೆಳಗಿನಿಂದ ಸಿದ್ಧಶೆಟ್ಟಿ ನಕ್ಕ. “ಏನ್ ಚಿಕ್ಬುದ್ಧಿ, ನನ್ನ ಹೆಸರು ಇಂಗ್ಲಿಷಿಗೆ ತಿರುಗಿಸಿಬಿಟ್ರಾ?”

“ಓಕೆ, ಓಕೆ, ಇಳಿಯಿರಿ.”

ಸಿದ್ಧಶೆಟ್ಟಿ ಒಳ್ಳೆಯ ಮನುಷ್ಯ. ಮಠದ ಶಿಷ್ಯನ ಹತ್ತಿರ ಹಟ ಹಿಡಿಯಲಿಲ್ಲ. ಇಳಿದ.

“ಇನ್ನೊಂದು ಬುಟ್ಟಿ ಕೆಸರು ತೆಗೆದರೆ ಸೆಲೆ ಬಿಡುತ್ತೆ” ಎಂದು ಕೂಗಿ ಹೇಳಿ, ಕೊನೆಯ ಸಲ ಇಳಿಯತೊಡಗಿದ.

ಅಷ್ಟರಲ್ಲಿ ಪಕ್ಕದೂರಿನ ಭಕ್ತರೊಬ್ಬರು ಬಂದು ಹಬ್ಬದ ಪೂಜೆ ಎಷ್ಟು ಹೊತ್ತಿಗೆಂದು ಕೇಳಿದರು. ಲೋಹಿತ ಅವರ ಕಡೆ ತಿರುಗಿದ. ಮಠದ ಬಾಗಿಲು ತೋರಿಸಲು ಒಂದು ಕೈ ಎತ್ತಿದ.

“ಹಗ್ಗ?”

“ಓಕೆ.”

ಹಗ್ಗ ಅವನ ಇನ್ನೊಂದು ಕೈಯೊಳಗಿಂದ ಹಾವಿನಂತೆ ಹೊರಟುಹೋಯಿತು.

ಒಂದು ಕೂಗೂ ಬರಲಿಲ್ಲ. ಕೆಳಗೆ ಕೆಸರಿನಲ್ಲಿ ಏನೋ ಬಿದ್ದ ಸದ್ದು, ಅಷ್ಟೇ.

ಭಕ್ತರ ಬಾಯಿ ತೆರೆದದ್ದು ತೆರೆದೇ ಇತ್ತು. ಲೋಹಿತನ ಕೈ ಇನ್ನೂ ಮಠದ ಬಾಗಿಲನ್ನೇ ತೋರಿಸುತ್ತಿತ್ತು.

ಶಿವ ದೊಡ್ಡವನು. ಕೆಸರು ಮೆತ್ತಗಿತ್ತು. ಜೀವ ಉಳಿಯಿತು, ಕಾಲು ಮುರಿಯಿತು. ನಾಲ್ವರು ಇಳಿದು ಸಿದ್ಧಶೆಟ್ಟಿಯನ್ನು ಮೇಲೆ ತಂದು ಮಂಚದ ಮೇಲೆ ಮಲಗಿಸಿದರು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವನು ಲೋಹಿತನನ್ನು ನೋಡಿ ಹೇಳಿದ: “ನೀವು ಹೆಸರು ಕೂಗಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರದೂ ತಪ್ಪು, ಚಿಕ್ಬುದ್ಧಿ.”

ಬೈದಿದ್ದರೆ ಲೋಹಿತ ಹೇಗೋ ತಡೆದುಕೊಳ್ಳುತ್ತಿದ್ದ. ಈ ಮಾತು ಅವನನ್ನು ನಿಲ್ಲಲು ಬಿಡಲಿಲ್ಲ. ಗುರುಗಳ ಹತ್ತಿರ ಓಡಿದ.

ಗುರುಗಳು ಜಗಲಿಯ ಮೇಲೆ ಕುಳಿತು ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು.

ಲೋಹಿತ ಅವರ ಕಾಲ ಬಳಿ ಬಿದ್ದು ಅತ್ತ. “ಬುದ್ಧಿ, ನನ್ನಿಂದ ಒಂದು ಜೀವ ಹೋಗುವುದರಲ್ಲಿತ್ತು. ನನ್ನ ಒಂದು ಕೈ ಹಗ್ಗದ ಮೇಲೆ ಇರಲಿಲ್ಲ. ಹಿಡಿದಿದ್ದೀನಿ ಅನ್ನುವ ಹಾಗೆ ಉತ್ತರ ಕೊಟ್ಟೆ. ನಾನು ಈ ಮಠಕ್ಕೆ ತಕ್ಕವನಲ್ಲ. ನೀವು ಏನು ಹೇಳಿದರೆ ಅದು.”

ಗುರುಗಳು ತಲೆ ಎತ್ತಲಿಲ್ಲ. ಬೆರಳ ನಡುವೆ ನಾರು ತಿರುಗುತ್ತಲೇ ಇತ್ತು.

“ಓಕೆ” ಎಂದರು.

ಲೋಹಿತ ಅಳು ನಿಲ್ಲಿಸಿ ತಲೆ ಎತ್ತಿದ.

ಗುರುಗಳ ಬಾಯಲ್ಲಿ ಆ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ.

“ಬುದ್ಧಿ, ಹಾಗಂದರೆ... ಮನ್ನಿಸಿದಿರಾ?”

ನಾರು ತಿರುಗಿತು.

“ಹೋಗು ಅಂದಿರಾ?”

ನಾರು ತಿರುಗಿತು.

“ನಾನು ಹೇಳಿದ್ದು ಕೇಳಿಸಿತಾ, ಬುದ್ಧಿ?”

“ಎಲ್ಲದಕ್ಕೂ ಆಗುತ್ತೆ ಅಂದಿದ್ದೆಯಲ್ಲಪ್ಪಾ” ಎಂದರು ಗುರುಗಳು. “ನಿನಗೆ ಬೇಕಾದ್ದು ತೆಗೆದುಕೋ.”

ತೆಗೆದುಕೊಳ್ಳಲು ಆ ಮಾತಿನಲ್ಲಿ ಏನೂ ಇರಲಿಲ್ಲ. ಮೇಲೆ ಹಗ್ಗ ಹಿಡಿದವನಿಲ್ಲದೆ ಕತ್ತಲಲ್ಲಿ ಕಾಲು ಚಾಚಿದ ಹಾಗಾಯಿತು ಅವನಿಗೆ.

ಮರುದಿನ ಲೋಹಿತ ತನ್ನ ಬಟ್ಟೆಯ ಗಂಟು ಕಟ್ಟಿದ. ಊರು ಬಿಡುವ ಮೊದಲು ಸಿದ್ಧಶೆಟ್ಟಿಯ ಮನೆಗೆ ಹೋದ. ಸಿದ್ಧಶೆಟ್ಟಿ ಇನ್ನೂ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿ ಚಿಕ್ಕತಾಯಮ್ಮ ಗಂಡನಿಗೆ ಬುತ್ತಿ ಕಟ್ಟುತ್ತಿದ್ದಳು.

“ಅಮ್ಮಾ, ನಾನು ಹೋಗುತ್ತಿದ್ದೀನಿ. ನನ್ನಿಂದ...” ಎಂದ.

ಚಿಕ್ಕತಾಯಮ್ಮ ರೊಟ್ಟಿ ಮಡಿಸುತ್ತಾ ಕೇಳಿದಳು: “ಅವರ ಹೆಸರು ಕರೆಯೋಕೆ ಅಷ್ಟು ಕಷ್ಟ ಆಯ್ತಾ, ಸ್ವಾಮಿ?”

ಅವನು ತಲೆ ತಗ್ಗಿಸಿದ.

“ಮದುವೆ ಆದಾಗಿಂದ ನಾನು ಒಂದು ದಿನ ಅವರ ಹೆಸರು ಹೇಳಿಲ್ಲ. ರೇಷನ್ ಅಂಗಡೀಲಿ ಕೇಳಿದರೂ ಪಕ್ಕದೋರ ಕೈಲಿ ಹೇಳಿಸ್ತೀನಿ. ಆದರೆ ಬಾವಿಗೆ ಇಳಿದಾಗ ಹಗ್ಗ ನನ್ನ ಕೈಲಿದ್ದರೆ, ಊರಿಗೆಲ್ಲ ಕೇಳೋ ಹಾಗೆ ಕೂಗ್ತೀನಿ. ಮೊದಲನೇ ಸಲ ನಾಚಿಕೆಯಾಗಿ ಬಾಯಿ ಬರಲಿಲ್ಲ. ನಮ್ಮತ್ತೆ ಹಿಂದಿನಿಂದ ಬೆನ್ನಿಗೆ ಗುದ್ದಿದರು. ‘ಕೂಗೇ, ನನ್ನ ಮಗ ಕೆಳಗಿದ್ದಾನೆ’ ಅಂದರು.”

ಅವಳು ಬುತ್ತಿಯ ಗಂಟು ಬಿಗಿದಳು.

“ಹೋಗ್ತೀನಿ ಅಂತೀರಿ. ಸೆಲೆ ಇನ್ನೂ ಬಿಟ್ಟಿಲ್ಲ. ಹಬ್ಬಕ್ಕೆ ನೀರು ಯಾರು ಕೊಡ್ತಾರೆ?”

ಲೋಹಿತ ಗಂಟು ಹೊತ್ತು ರಸ್ತೆಯವರೆಗೆ ನಡೆದ. ಬಸ್ಸು ಬಂತು. ಕಂಡಕ್ಟರು ಬಾಗಿಲು ಬಡಿದು “ಹತ್ತಿ, ಹತ್ತಿ” ಎಂದ. ಹತ್ತಲಿಲ್ಲ. ಬಸ್ಸು ಹೊರಟುಹೋಯಿತು. ಅವನು ಮಠಕ್ಕೆ ತಿರುಗಿ ಬಂದ.

ಬಂದವನಿಗೆ ಬಾವಿಯ ಬಳಿ ಜನ ಕಂಡರು. ಹತ್ತಿರ ಹೋಗಿ ನೋಡಿದ.

ಗುರುಗಳು ಕಾವಿಯನ್ನು ಮೇಲಕ್ಕೆ ಕಟ್ಟಿ, ಹೊಸ ಹಗ್ಗವನ್ನು ತಮ್ಮ ಸೊಂಟಕ್ಕೆ ಬಿಗಿಯುತ್ತಿದ್ದರು. ವಯಸ್ಸಾದ ಮೈ, ತೆಳ್ಳಗಿನ ಕಾಲು.

“ಬುದ್ಧಿ, ಏನಿದು?”

“ಸೆಲೆ ಬಿಡಿಸಬೇಕಲ್ಲಪ್ಪಾ.”

“ನಾನು ಇಳಿಯುತ್ತೀನಿ. ನನ್ನನ್ನು ಇಳಿಸಿ.”

“ಇಳಿಯುವುದಕ್ಕೆ ನೀನು ಈಗ ಖುಷಿಯಾಗಿ ಇಳಿಯುತ್ತೀಯ. ನನಗೆ ಗೊತ್ತು” ಎಂದರು ಗುರುಗಳು. ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟರು. “ಹಿಡಿ.”

ಜನ ಗಾಬರಿಯಾಗಿ ಮುಂದೆ ಬಂದರು. ಊರ ಹಿರಿಯ ಬಸವಶೆಟ್ಟಿ ಅಡ್ಡ ನಿಂತ. “ಬೇಡಿ ಬುದ್ಧಿ, ನಿಮ್ಮ ಕಾಲಿಗೆ ಬೀಳ್ತೀನಿ. ಇಳಿಯಲೇಬೇಕು ಅಂದರೆ ಹಗ್ಗ ನಾವು ಹಿಡೀತೀವಿ. ಆ ಕೈಗೆ ಮಾತ್ರ ಕೊಡಬೇಡಿ. ನಿನ್ನೆ ತಾನೇ ನೋಡಿದ್ದೀವಿ.”

“ಈ ಕೈಯಲ್ಲಿದ್ದರೆ ಇಳೀತೀನಿ, ಬಸವಶೆಟ್ಟಿ. ಬೇರೆ ಕೈ ಆದರೆ ಇಳಿಯಲ್ಲ.”

ಹಾಗೆಂದು ಕಟ್ಟೆ ದಾಟಿ ಮೊದಲ ಕಲ್ಲಿನ ಮೇಲೆ ಕಾಲಿಟ್ಟೇಬಿಟ್ಟರು.

ಲೋಹಿತ ಹಗ್ಗವನ್ನು ಕಂಬಕ್ಕೆ ಸುತ್ತಿ ಎರಡು ಕೈಯಲ್ಲೂ ಹಿಡಿದ.

ಕೆಳಗಿನಿಂದ ಧ್ವನಿ ಬಂತು. “ಹಗ್ಗ?”

“ಹಿಡಿದಿದ್ದೀನಿ, ಬುದ್ಧಿ.”

“ಯಾರನ್ನು?”

“ನಿಮ್ಮನ್ನು, ಬುದ್ಧಿ.”

“ಬುದ್ಧಿ ಅಂತ ಮಠ ಮಠಕ್ಕೂ ಒಬ್ಬೊಬ್ಬರು ಇದ್ದಾರೆ. ಈ ಬಾವಿಯಲ್ಲಿ ಇರುವುದು ಯಾರು?”

ಲೋಹಿತನಿಗೆ ಆಗ ಅರ್ಥವಾಯಿತು.

ಗುರುವಿನ ಹೆಸರು. ದೀಕ್ಷೆಯ ದಿನ ಕಿವಿಯಲ್ಲಿ ಕೇಳಿದ್ದ ಹೆಸರು. ಮನಸ್ಸಿನಲ್ಲಿ ಹೇಳಿಕೊಳ್ಳುವಾಗಲೂ ಕಣ್ಣು ಮುಚ್ಚುತ್ತಿದ್ದ ಹೆಸರು. ಅದನ್ನು ಊರ ಮುಂದೆ, ಆಳನ್ನು ಕರೆದ ಹಾಗೆ ಕೂಗಬೇಕು.

“ಬೇಡಿ ಬುದ್ಧಿ. ಆಗುವುದಿಲ್ಲ.”

ಕೆಳಗಿನಿಂದ ಒಂದು ಚೂರು ಕಲ್ಲು ಕಳಚಿ ಕೆಸರಿಗೆ ಬಿದ್ದ ಸದ್ದು ಮಾತ್ರ ಬಂತು. ಗುರುಗಳು ಒಂಟಿ ಕಾಲಿನಲ್ಲಿ, ಪಾಚಿಯ ಮೇಲೆ ಕಾಯುತ್ತಿದ್ದರು. ಹೆಸರು ಕೇಳಿಸದೆ ಇನ್ನೊಂದು ಕಾಲು ಇಡುವುದಿಲ್ಲ. ಅದು ಬಾವಿಯ ಕಟ್ಟಳೆ.

ಜನ ಕಟ್ಟೆಗೆ ಬಂದು ಬಗ್ಗಿ ನೋಡಿದರು.

ಆಸ್ಪತ್ರೆಗೆ ಹೊರಟಿದ್ದ ಚಿಕ್ಕತಾಯಮ್ಮ ಬುತ್ತಿ ಹಿಡಿದುಕೊಂಡೇ ಜನರ ನಡುವೆ ನಿಂತಿದ್ದಳು. ಅವಳು ಮುಂದೆ ಬಂದು ಲೋಹಿತನ ಬೆನ್ನಿಗೆ ಒಂದು ಗುದ್ದು ಹಾಕಿದಳು.

“ಕೂಗಿ, ಸ್ವಾಮಿ. ಅವರ ಕಾಲು ನಡುಗ್ತಿದೆ.”

“ನಿರ್ವಾಣಯ್ಯಾ” ಎಂದು ಕೂಗಿದ ಲೋಹಿತ. “ನಿರ್ವಾಣಯ್ಯಾ, ಹಿಡಿದಿದ್ದೀನಿ.”

ಬಸವಶೆಟ್ಟಿ ಎರಡು ಕಿವಿಯನ್ನೂ ಮುಚ್ಚಿಕೊಂಡ. ಮಾದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಶಿವ ಶಿವಾ” ಎಂದರು ಯಾರೋ. ಆ ಮಠದಲ್ಲಿ ಆ ಹೆಸರು ಹಾಗೆ ಗಾಳಿಗೆ ಬಂದದ್ದು ಅದೇ ಮೊದಲು. ಬಾವಿ ಅದನ್ನು ಇನ್ನೊಮ್ಮೆ ಕೂಗಿ ತಿರುಗಿ ಕೊಟ್ಟಿತು.

ಕೆಳಗಿನ ಕಾಲು ಮುಂದಿನ ಕಲ್ಲಿಗೆ ಹೋಯಿತು.

“ಹಗ್ಗ?”

“ನಿರ್ವಾಣಯ್ಯಾ, ಹಿಡಿದಿದ್ದೀನಿ.”

“ಹಗ್ಗ?”

“ನಿರ್ವಾಣಯ್ಯಾ, ಹಿಡಿದಿದ್ದೀನಿ.”

ಹೆಸರು ಬಂದಾಗಲೆಲ್ಲ ಅವನಿಗೆ ಆ ಮುಖ ಕಾಣುತ್ತಿತ್ತು. ಮುಖ ಕಂಡಾಗಲೆಲ್ಲ ಕೈ ತಾನಾಗಿ ಬಿಗಿಯುತ್ತಿತ್ತು. ಪಕ್ಕದಲ್ಲಿ ಯಾರು ನಿಂತಿದ್ದಾರೆ, ಯಾರು ಕಿವಿ ಮುಚ್ಚಿದ್ದಾರೆ, ಅವನಿಗೆ ತಿಳಿಯಲಿಲ್ಲ.

ತಳ ಇನ್ನೇನು ಹತ್ತಿರವಿತ್ತು. ಆಗ ಪಾಚಿ ಜಾರಿತು.

ಹಗ್ಗ ಒಮ್ಮೆಲೇ ಎಳೆಯಿತು. ಲೋಹಿತನ ಕಾಲು ನೆಲದ ಮೇಲೆ ಜಾರಿ ಕಂಬಕ್ಕೆ ಬಡಿಯಿತು. ಹೊಸ ನಾರು ಅಂಗೈಯನ್ನು ಸೀಳಿತು. ಹೆಂಗಸರು ಚೀರಿದರು. ಬಸವಶೆಟ್ಟಿ ಹಗ್ಗಕ್ಕೆ ಕೈ ಹಾಕಲು ಓಡಿ ಬಂದ. ಬರುವಷ್ಟರಲ್ಲಿ ಹಗ್ಗ ನಿಂತಿತ್ತು.

ಯಾರೂ “ಹಗ್ಗ?” ಎಂದು ಕೇಳಿರಲಿಲ್ಲ. ಆದರೂ ಲೋಹಿತ ಕೂಗುತ್ತಲೇ ಇದ್ದ. “ನಿರ್ವಾಣಯ್ಯಾ, ಹಿಡಿದಿದ್ದೀನಿ. ನಿರ್ವಾಣಯ್ಯಾ, ಹಿಡಿದಿದ್ದೀನಿ. ನಿರ್ವಾಣಯ್ಯಾ...”

ಬಸವಶೆಟ್ಟಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ. ತಲೆಯ ಮೇಲಿನ ಟವೆಲು ತೆಗೆದು ಕಂಕುಳಿಗೆ ಸೇರಿಸಿದ. ಪೂಜೆಯ ಮುಂದೆ ನಿಲ್ಲುವಾಗ ಮಾತ್ರ ಅವನು ಹಾಗೆ ಮಾಡುತ್ತಿದ್ದದ್ದು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಧ್ವನಿ ಬಂತು: “ಕಾಲು ಊರಿತು, ಬಿಡಪ್ಪಾ.”

ಆಮೇಲೆ ಸನಿಕೆಯ ಸದ್ದು. ಆಮೇಲೆ ಒಂದು ಬುಟ್ಟಿ ಕೆಸರು ಮೇಲೆ ಬಂತು. ಆಮೇಲೆ, ಬಹಳ ಮೆಲ್ಲಗೆ, ನೀರು ಮಾತಾಡುವ ಸದ್ದು ಕೇಳಿಸಿತು.

ಹತ್ತುವಾಗಲೂ ಕಲ್ಲು ಕಲ್ಲಿಗೂ ಹೆಸರು. ಕಟ್ಟೆಯ ಮೇಲೆ ಗುರುಗಳ ಕೈ ಕಂಡಾಗ ಜನ ಮುಗಿಬಿದ್ದು ಎತ್ತಿಕೊಂಡರು. ಮೈತುಂಬ ಕೆಸರು. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಆದರೂ ಲೋಹಿತ ಹಗ್ಗ ಬಿಟ್ಟಿರಲಿಲ್ಲ. ಚಿಕ್ಕತಾಯಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಕೈ ಬಿಡುತ್ತಲೂ ಅವನಿಗೆ ತಾನು ಮಾಡಿದ್ದರ ಅರಿವಾಯಿತು. ಗುರುಗಳ ಕಾಲ ಮೇಲೆ ಬಿದ್ದ.

“ಬುದ್ಧಿ, ಕರೆಯಬಾರದ ಹೆಸರು ಕರೆದೆ. ಊರೆಲ್ಲ ಕೇಳುವ ಹಾಗೆ ಕರೆದೆ. ಸಿದ್ಧಶೆಟ್ಟಿಯವರ ಹೆಸರು ಕರೆಯಬೇಕಾಗಿದ್ದಾಗ ಕರೆಯಲಿಲ್ಲ. ನನ್ನನ್ನು ಇಟ್ಟುಕೊಳ್ಳುತ್ತೀರಾ, ಬುದ್ಧಿ?”

ಗುರುಗಳು ನೆಲದ ಮೇಲೆ, ಅವನ ಎದುರು ಕುಳಿತರು. ಸೀಳಿದ ಅವನ ಎರಡು ಅಂಗೈಗಳನ್ನೂ ತಮ್ಮ ಕೆಸರು ಕೈಯೊಳಗೆ ತೆಗೆದುಕೊಂಡರು. ಅವನು ತಲೆ ಎತ್ತುವವರೆಗೆ ಕಾದರು. ಅವನ ಕಣ್ಣೊಳಗೆ ನೋಡಿದರು.

“ಲೋಹಿತಾ” ಎಂದರು. “ಓಕೆ.”

ಈ ಕಥೆ ಕೇಳಿದ ನಿಮ್ಮ ಬಾವಿಗಳಲ್ಲಿ ನೀರಿರಲಿ. ಕತ್ತಲಿಗೆ ಇಳಿದ ಹೊತ್ತಿನಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವವರು ಮೇಲೆ ಇರಲಿ. ಎಲ್ಲರಿಗೂ ಶಿವ ಒಳ್ಳೆಯದು ಮಾಡಲಿ.